ಸೊನ್ನೆ ದೂರದ ಮೂರು ಮನೆ

ಹೊಳೆ ಇಳಿದ ವಾರ ದೇವವ್ವ ಎರಡು ಕಡೆ ಕೆಸರು ಬಡಿದಳು. ತನ್ನ ಮನೆಯ ಗೋಡೆಗೆ ಬಡಿದಳು, ಹೊಳೆಯ ಗುರುತು ಅಳಿಸಿಹೋಯಿತು. ಸಾಹುಕಾರ ಅಂದಾನೆಪ್ಪನ ಕೊಟ್ಟಿಗೆಗಳಿಗೆ ಬಡಿದಳು, ಬರದೇ ಇದ್ದ ಹೊಳೆಯ ಗುರುತು ಅಲ್ಲಿ ಮೂಡಿತು. ಎರಡಕ್ಕೂ ಕೈ ಅವಳದೇ. ಒಂದರಿಂದ ಅವಳ ಮನೆ ಹೋಯಿತು. ಇನ್ನೊಂದರಿಂದ ಅವನಿಗೆ ಮೂರು ಮನೆ ಬಂದವು.

ಹೊಳೆಮಡ್ಡಿ ಅನ್ನುವ ಈ ಊರು ಕೊಣ್ಣೂರಿನಿಂದ ಒಂದು ಹರದಾರಿ ಕೆಳಗೆ, ಮಲಪ್ರಭೆಯ ದಂಡೆಯಲ್ಲಿದೆ. ಹೆಸರಿನಲ್ಲಿರುವ ಮಡ್ಡಿ, ಅಂದರೆ ಎತ್ತರದ ದಿನ್ನೆ, ಮೇಲಿನ ಓಣಿಯವರದು. ಕೇರಿ ಇರುವುದು ಹೊಳೆಯ ಬಾಯಿಯಲ್ಲಿ. ಕೊಣ್ಣೂರಿನ ಸೇತುವೆ ಮುಳುಗಿದ ಮಧ್ಯಾಹ್ನ ಕೇರಿಯ ಇಪ್ಪತ್ತೆರಡೂ ಮನೆಗೆ ನೀರು ನುಗ್ಗಿತು. ದೇವವ್ವನ ಗಂಡ ಹೊಳಿಯಪ್ಪ ತನ್ನ ತಾಯಿ ಗುಡ್ಡವ್ವನನ್ನು ಬೆನ್ನಿಗೆ ಕಟ್ಟಿಕೊಂಡು ಕುತ್ತಿಗೆಮಟ ನೀರಿನಲ್ಲಿ ನಡೆದ. ಮುದುಕಿಗೆ ಸೊಂಟ ಬಿದ್ದು ನಾಲ್ಕು ವರ್ಷವಾಗಿತ್ತು. ಹೀಗೆ ಅವಳನ್ನು ಹೊತ್ತದ್ದು ಇದು ಮೂರನೆಯ ಸಲ.

"ಮುಂದಿನ ಸಲ ಬಿಟ್ಟಬಿಡಪಾ ನನ್ನ," ಎಂದಳು ಗುಡ್ಡವ್ವ, ಶಾಲೆಯ ಕಟ್ಟೆಯ ಮೇಲೆ ನಡುಗುತ್ತ ಕೂತು. ಅವಳು ಅಳಲಿಲ್ಲ. ಒಣ ಸೀರೆ ಕೇಳುವ ದನಿಯಲ್ಲೇ ಅದನ್ನೂ ಹೇಳಿದಳು.

ಮನೆ ಪೂರ್ತಿ ಬಿದ್ದವರಿಗೆ ಮಡ್ಡಿಯ ಮೇಲೆ ಹೊಸ ಮನೆ ಕಟ್ಟಿಕೊಡುತ್ತಾರೆ ಎಂದು ಡಂಗುರ ಸಾರಿದರು. ದೇವವ್ವನಿಗೆ ಬೇಕಿದ್ದದ್ದು ಅಷ್ಟೇ. ಅತ್ತೆಯನ್ನು ಇನ್ನೊಮ್ಮೆ ಬೆನ್ನಿಗೆ ಕಟ್ಟಬಾರದು.

ಆದರೆ ಕೇರಿಯಲ್ಲಿ ಒಂದು ಪದ್ಧತಿ ಇದೆ. ಹೊಳೆ ಹೊಕ್ಕು ಹೋದ ಮನೆಯಲ್ಲಿ ಗೋಡೆ ಸಾರಿಸದೆ ಒಲೆ ಹಚ್ಚಬಾರದು. ಹೊಳೆಯ ಗುರುತು ಗೋಡೆಯ ಮೇಲೆ ಉಳಿದರೆ ಹೊಳೆವ್ವ ಅದನ್ನೇ ಹಿಡಿದು ಮತ್ತೆ ಬರುತ್ತಾಳೆ. ಹಿರಿಯರು ಹೇಳಿದ್ದು ಹಾಗೆ. ನೀರು ಇಳಿದ ಮರುದಿನವೇ ಕೇರಿಯ ಹೆಂಗಸರು ಸೀರೆ ಮೇಲೆ ಕಟ್ಟಿ ಕೆಸರು ತುಳಿದರು. ದೇವವ್ವನ ಮನೆಯ ಹಿತ್ತಲ ಕಡೆಯ ಇಪ್ಪತ್ತು ಅಡಿ ಗೋಡೆ ಕುಸಿದು ಬಿದ್ದಿತ್ತು. ನಿಂತ ಗೋಡೆಯ ಮೇಲೆ ಆಳೆತ್ತರಕ್ಕೆ ರಾಡಿಯ ಗೀಟು ಇತ್ತು. ಅವಳು ಅದರ ಮೇಲೆ ಮಣ್ಣು ಬಡಿದಳು, ಮಣ್ಣಿನ ಮೇಲೆ ಸಗಣಿ ಬಳಿದಳು. ಬೆರಳ ಸಂದಿ ಬಿರಿಯುವ ತನಕ ಬಳಿದಳು. ಸಂಜೆ ಒಲೆ ಹತ್ತಿತು.

ಮೂರನೆಯ ದಿನ ಅಂದಾನೆಪ್ಪನ ಮಗ ಬಸವಪ್ರಸಾದ ಕರೆ ಕಳಿಸಿದ. ಸಾಹುಕಾರನ ಕಡಲೆ, ಹತ್ತಿ ರೋಣದ ಪೇಟೆಯಲ್ಲಿ ನಡೆಯುತ್ತಿತ್ತು. ಮಗ ಸರ್ಕಾರಕ್ಕೆ ನೆರೆಹಾನಿ ಅಳೆದುಕೊಡುವ ಒಂದು ಕಂಪನಿಯಲ್ಲಿ ಈ ಭಾಗದ ಮುಖ್ಯಸ್ಥನಾಗಿ ಸೇರಿದ್ದ. ಅವರ ಮನೆಯ ಹಿಂದೆ ಮೂರು ಹಳೆಯ ಕೊಟ್ಟಿಗೆ. ಮಾಡು ಬಿದ್ದು ಎಂಟು ವರ್ಷ. ಬೀಳಿಸಿದ್ದು ಗೆದ್ದಲು. ಅಷ್ಟು ಎತ್ತರಕ್ಕೆ ಹೊಳೆ ಯಾವ ಕಾಲದಲ್ಲೂ ಬಂದಿಲ್ಲ.

ಬಸವಪ್ರಸಾದನ ಒಂದು ಕೈಯಲ್ಲಿ ಹಾಳೆ, ಇನ್ನೊಂದರಲ್ಲಿ ಕೆಂಪು ಪೆನ್ಸಿಲು. ಟೇಪು ಹಿಡಿದು ಗೋಡೆಯ ಮೇಲೆ ಗೀಟು ಎಳೆದ. ಗೀಟಿನ ಪಕ್ಕ ಅಳತೆ ಬರೆದ. "ನೆಲದಿಂದ ಈ ಗೀಟಿನ ಮಟ ಹೊಳಿ ರಾಡಿ ಬಡಿ. ಒಂದು ಬೊಟ್ಟು ಹೆಚ್ಚಿಲ್ಲ, ಒಂದು ಬೊಟ್ಟು ಕಮ್ಮಿ ಇಲ್ಲ," ಎಂದ. ಹೊಳಿಯಪ್ಪನ ಕೈಗೆ ಹಾರೆ ಕೊಟ್ಟು, ಯಾವ ಗೋಡೆಯನ್ನು ಎಷ್ಟು ಅಡಿ ಕೆಡವಬೇಕು, ಎಲ್ಲಿ ಎಷ್ಟು ಬಿರುಕು ಬಿಡಿಸಬೇಕು, ಎಷ್ಟು ವಾಲಿಸಬೇಕೆಂದು ತೋರಿಸಿದ.

"ಯಾಕ್ರೀ?" ಎಂದಳು ದೇವವ್ವ.

"ಹೇಳಿದಷ್ಟು ಮಾಡು."

ಹೊಳೆದಂಡೆಯಿಂದ ಮಡ್ಡಿಯ ತನಕ ರಾಡಿ ಹೊತ್ತಳು. ಬುಟ್ಟಿಯಿಂದ ಸೋರಿದ ನೀರು ಕಣ್ಣಿಗೆ ಇಳಿಯಿತು. ನಲವತ್ತು ಬುಟ್ಟಿ. ನಡುವೆ ನೀರು ಕೇಳಿದಳು. ಆಳು ಚೊಂಬು ತಂದು ಮೇಲಿನಿಂದ ಸುರಿದ. ಬೊಗಸೆಗೆ ರಾಡಿ ಹತ್ತಿತ್ತು. ರಾಡಿಯ ನೀರೇ ಕುಡಿದಳು. ಸಂಜೆಗೆ ಮೂರು ಕೊಟ್ಟಿಗೆಯ ಮೇಲೂ ಹೊಳೆ ಬಂದು ಹೋಗಿತ್ತು.

ಹತ್ತು ದಿನದ ಮೇಲೆ ಅಳೆಯುವವರು ಬಂದರು. ಪ್ರತಿ ಮನೆಗೂ ನಾಲ್ಕು ಅಳತೆ. ನೀರಿನ ಗುರುತು ಎಷ್ಟು ಎತ್ತರ, ಬಿದ್ದ ಗೋಡೆ ಎಷ್ಟು ಉದ್ದ, ಬಿರುಕು ಎಷ್ಟು ಅಗಲ, ಗೋಡೆ ಎಷ್ಟು ವಾಲಿದೆ. ದೇವವ್ವನ ಮನೆಯಲ್ಲಿ ಒಬ್ಬ ಟೇಪು ಹಿಡಿದು ಸುತ್ತ ನೋಡಿದ.

"ನೀರಿನ ಗುರುತು ಎಲ್ಲೈತಿ?"

"ಸಾರಿಸೀವ್ರಿ. ಸಾರಿಸದ ಒಲಿ ಹಚ್ಚಂಗಿಲ್ರಿ ನಮ್ಮಲ್ಲಿ."

"ಸಾರಿಸಿದ್ದಕ್ಕ ಇದರಾಗ ಜಾಗಾ ಇಲ್ಲ," ಎಂದು ಕೈಯಲ್ಲಿದ್ದ ಫೋನಿನ ಮೇಲೆ ಸೊನ್ನೆ ಒತ್ತಿದ. ಕೇರಿಯ ಇಪ್ಪತ್ತೆರಡೂ ಮನೆಗೆ ಸೊನ್ನೆ ಬಿತ್ತು.

ಪಂಚಾಯ್ತಿ ಗೋಡೆಗೆ ಪಟ್ಟಿ ಹಚ್ಚಿದ ದಿನ ಊರಿಗೆ ಊರೇ ನೆರೆಯಿತು. ಹೆಸರು, ಗುಂಪು, ಕೊನೆಗೆ 'ದೂರ' ಅಂತ ಒಂದು ಅಂಕಿ. ಪೂರ್ತಿ ಬಿದ್ದ ಮನೆಗಳ ಗುಂಪಿನಲ್ಲಿ ಮೊದಲ ಮೂರು ಹೆಸರು ಅಂದಾನೆಪ್ಪನ ಮನೆತನದವು. ಕೇರಿಯ ಹೆಸರುಗಳು ಎಲ್ಲಕ್ಕಿಂತ ಕೆಳಗಿದ್ದವು. ಅವುಗಳ ಮುಂದೆ ಬರೆದಿತ್ತು: ಯಾವ ಗುಂಪಿಗೂ ಸೇರಿಲ್ಲ, ಸಂಶಯಾಸ್ಪದ.

ಅಂದಾನೆಪ್ಪ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಗರಿ ಮುರಿಯದ ಬಿಳಿ ಅಂಗಿ. "ನೋಡ್ರಲೇ," ಎಂದ ಎಲ್ಲರಿಗೂ ಕೇಳುವಂತೆ, "ಇವರ ಗುಡಿಸಲಾ ಮನಿ ಹೌದೋ ಅಲ್ಲೋ ಅಂತ ಕಂಪ್ಯೂಟರಿಗೂ ಗೊತ್ತಾಗವಲ್ದು. ಸುಳ್ಳ ಹೇಳೂದ್ರಾಗೂ ಒಂದ ಹದಾ ಇರಬೇಕು." ಮೇಲಿನ ಓಣಿಯವರು ನಕ್ಕರು. ಹೊಳಿಯಪ್ಪ ತಲೆ ತಗ್ಗಿಸಿದ. ದೇವವ್ವ ತಗ್ಗಿಸಲಿಲ್ಲ. ನಲವತ್ತು ಬುಟ್ಟಿ ರಾಡಿ ಹೊರಿಸಿದವನು ಸುಳ್ಳಿನ ಹದ ಕಲಿಸುತ್ತಿದ್ದ.

ದೇವವ್ವನ ಮಗಳು ಗೌತಮಿ ಅವತ್ತು ಹೊಳೆಆಲೂರಿನಿಂದ ಬಂದಿದ್ದಳು. ರೋಣದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿ ಬಿಎಸ್ಸಿ ಮುಗಿಸಿದವಳು, ಬಸವಪ್ರಸಾದನ ಕಂಪನಿಯಲ್ಲೇ ಟೇಪು ಹಿಡಿಯುವ ಕೆಲಸಕ್ಕೆ ಹೋಗುತ್ತಿದ್ದಳು. ತಮ್ಮ ಊರನ್ನು ತಾವೇ ಅಳೆಯಬಾರದು ಅನ್ನುವುದು ಕಂಪನಿಯ ನಿಯಮ. ಅದು ಗೌತಮಿಗೆ ಇತ್ತು, ಬಸವಪ್ರಸಾದನಿಗೆ ಇರಲಿಲ್ಲ. ಅವಳು ಪಟ್ಟಿಯ ಫೋಟೊ ತೆಗೆದುಕೊಂಡು ಮನೆಗೆ ಬಂದು ಗುಡ್ಡವ್ವನ ಹಾಸಿಗೆಯ ಪಕ್ಕ ಕೂತಳು.

"ಯಾವ ಗುಂಪಿಗೂ ಸೇರಿಲ್ಲ ಅಂದ್ರ ಏನವಾ?" ಎಂದಳು ಮುದುಕಿ.

"ಹಿಂದಿನ ಹೊಳಿಯಾಗ ಖರೇನ ಬಿದ್ದ ಮನಿ ನೂರಾರು ಅಳದಾರಬೇ. ಪೂರ್ತಿ ಬಿದ್ದದ್ದು ಒಂದು ಗುಂಪು, ಅರ್ಧ ಬಿದ್ದದ್ದು ಒಂದು, ಸ್ವಲ್ಪ ಕೆಟ್ಟದ್ದು ಒಂದು. ಒಂದೊಂದು ಗುಂಪಿಗೂ ನಟ್ಟನಡುವ ಒಂದು ಮನಿ. ಅದು ಲೆಕ್ಕದ ಮನಿ, ಸರಾಸರಿ. ನಮ್ಮ ಮನಿ ಯಾವ ನಡುವಿಗೆ ಹತ್ರ ಐತಿ ನೋಡಿ ಆ ಗುಂಪಿಗೆ ಸೇರಸ್ತಾರ. ಎಲ್ಲಾದಕ್ಕೂ ಭಾಳ ದೂರ ಇದ್ರ ಸುಳ್ಳು ಅಂತ ಹೊರಗ ಹಾಕ್ತಾರ."

"ದೂರ ಅಂದ್ರ ಹರದಾರಿ ಲೆಕ್ಕೇನು?"

"ಅಲ್ಲ. ಒಂದೊಂದು ಅಳತಿ ಬ್ಯಾರೆ ನೋಡೂದಿಲ್ಲ. ಒಂದರ ಜೋಡಿ ಇನ್ನೊಂದು ಹ್ಯಾಂಗ ಹೋಗ್ತದ ನೋಡ್ತಾರ. ಆರು ಅಡಿ ಎತ್ತರದ ಗಂಡಸು ಇರ್ತಾನ. ಮೂವತ್ತು ಕಿಲೋ ತೂಗೂ ಹುಡುಗೂ ಇರ್ತಾನ. ಆರು ಅಡಿ ಇದ್ದಾಂವ ಮೂವತ್ತು ಕಿಲೋ ತೂಗ್ಯಾನ ಅಂದ್ರ ಯಾರರ ನಂಬ್ತಾರೇನು? ನಮ್ಮನಿ ಹಂಗ ಆಗೇತಿ. ಇಪ್ಪತ್ತಡಿ ಗ್ವಾಡಿ ಬಿದ್ದೈತಿ, ನೀರಿನ ಗುರುತು ಸೊನ್ನಿ. ಎರಡೂ ಜೋಡಿ ಎಲ್ಲೂ ಇರೂದಿಲ್ಲ. ಅದಕ್ಕ ನಮ್ಮ ದೂರ ಹದಿಮೂರು."

ಗುರುತು ಅಳಿಸಿದವಳು ದೇವವ್ವ. ಹೊಳೆವ್ವ ಮತ್ತೆ ಬರಬಾರದೆಂದು ಅಳಿಸಿದ್ದಳು. ಹೊಳೆವ್ವನಿಗೆ ಗೊತ್ತಾಗದಂತೆ ಬಳಿದದ್ದು ಸರ್ಕಾರಕ್ಕೂ ಗೊತ್ತಾಗದೆ ಹೋಯಿತು.

"ಊರಾಗ ಉಳದವರದು ಎಷ್ಟು?" ಎಂದ ಹೊಳಿಯಪ್ಪ.

"ಒಂದೂವರಿ, ಎರಡು, ಎರಡೂವರಿ. ಖರೇ ಬಿದ್ದ ಮನಿ ಹಂಗ ಆಕಡೆ ಈಕಡೆ ಇರಬೇಕು." ಗೌತಮಿ ಫೋನಿನ ಮೇಲೆ ಬೆರಳಿಟ್ಟಳು. "ಸಾವ್ಕಾರ್ರ ಮೂರೂ ಮನಿ ದೂರ ನೋಡ್ರಿ. ಸೊನ್ನಿ, ಸೊನ್ನಿ, ಸೊನ್ನಿ."

"ಹತ್ರ ಇದ್ರ ಚಲೋನ ಅಲ್ಲೇನು?"

"ಯಪ್ಪಾ, ಅವ್ವ ದಿನಾ ರೊಟ್ಟಿ ಬಡೀತಾಳ. ಯಾವತ್ತರ ಎರಡು ರೊಟ್ಟಿ ಕೂದಲೆಳಿಯಷ್ಟೂ ಫರಕಿಲ್ದ ಒಂದ ಅಳತಿ ಆಗ್ಯಾವೇನು? ಆ ನಡುವಿನ ಮನಿ ಯಾವ ಊರಾಗೂ ಇಲ್ಲ. ಅಂಥಾ ಮನಿ ಇವರ ಹತ್ರ ಮೂರು ಅದಾವು. ಸರಾಸರಿ ಹಾಳಿ ಬಸವಪ್ರಸಾದನ ಕೈಯಾಗಿತ್ತು. ಅದನ್ನ ನೋಡಿ ಯಾರೋ ಆ ಗ್ವಾಡಿ ಮಾಡ್ಯಾರ."

ದೇವವ್ವ ತನ್ನ ಕೈ ನೋಡಿಕೊಂಡಳು. ಬಿರಿದ ಬೆರಳು ಇನ್ನೂ ಮಾಗಿರಲಿಲ್ಲ.

"ಯಾರೋ ಅಲ್ಲ," ಎಂದಳು. "ನಾನ ಮಾಡೀನಿ."

ಗೌತಮಿ ಮರುದಿನ ತಕರಾರು ಅರ್ಜಿ ಕೊಟ್ಟಳು. ಸುದ್ದಿ ಬಸವಪ್ರಸಾದನಿಗೆ ಮುಟ್ಟಲು ಒಂದು ತಾಸೂ ಹಿಡಿಯಲಿಲ್ಲ. ಸಂಜೆ ಅವನ ಬೈಕು ಕೇರಿಯ ಬಾಯಿಗೆ ಬಂದು ನಿಂತಿತು. ಇಳಿಯಲಿಲ್ಲ. ಕೂತಲ್ಲಿಂದಲೇ ಮಾತಾಡಿದ.

"ಹೊಳಿಯಪ್ಪ, ನಿನ್ನ ಮನಿ ಪೂರ್ತಿ ಬಿದ್ದ ಗುಂಪಿಗೆ ಹಾಕಸ್ತೀನಿ. ಮಡ್ಡಿ ಮ್ಯಾಲ ಮೊದಲನೇ ಸಾಲಿನ್ಯಾಗ ಮನಿ. ನಿನ್ನ ಮಗಳಿಗೆ ಅರ್ಜಿ ವಾಪಸ್ ತಗೋ ಅನ್ನು."

"ಉಳದ ಇಪ್ಪತ್ತೊಂದು ಮನಿ?" ಎಂದಳು ದೇವವ್ವ.

"ಅವರ ಉಸಾಬರಿ ನಿನಗ್ಯಾಕ? ಬಾಯಿ ಬಿಟ್ರ ನೀನ ಮೊದಲ ಸಿಗಾಕಿ ಮತ್ತ. ರಾಡಿ ಹೊತ್ತಾಕಿ ನೀನು. ನಾ ಹೊತ್ತಿಲ್ಲ."

ಬೈಕು ಹೋಯಿತು. ಹೊಳಿಯಪ್ಪನ ಪಾಡು ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನದು. "ಒಪ್ಪೋಣು," ಎಂದ ಕೊನೆಗೆ. "ನನ್ನ ಬೆನ್ನಾಗ ಇನ್ನ ಕಸುವಿಲ್ಲ. ನಾಕನೇ ಸಲ ಬಂದ್ರ ಅವ್ವನ ಜೋಡಿ ನಾನೂ ಹೋಗ್ತೀನಿ." ಅವನು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ದೇವವ್ವ ಗುಡ್ಡವ್ವನ ಕೆಳಗಿನ ಒದ್ದೆ ಚಾಪೆ ತೆಗೆದು ಬೇರೆ ಹಾಸಿದಳು.

ತಕರಾರು ಕೇಳಲು ಮೇಲಿನಿಂದ ಒಬ್ಬ ಅಧಿಕಾರಿ ಬಂದಳು. ಹೆಸರು ನಾಜಮೀನ. ಪಂಚಾಯ್ತಿ ಮುಂದಿನ ಕಟ್ಟೆಯ ಮೇಲೆ ಮೇಜು ಹಾಕಿದ್ದರು. ಮೇಲಿನ ಓಣಿಗೆ ಕುರ್ಚಿ, ಕೇರಿಗೆ ಬಿಸಿಲು.

ಗೌತಮಿ ಎದ್ದು ನಿಂತು ದೂರದ ಅಂಕಿ ಓದಿದಳು. ಮೂರು ಸೊನ್ನೆಗಳ ಬಗ್ಗೆ ಹೇಳಿದಳು. ಬಸವಪ್ರಸಾದ ನಕ್ಕ.

"ಮೇಡಮ್, ದೂರ ಕಮ್ಮಿ ಇದ್ದಷ್ಟೂ ಮನಿ ಆ ಗುಂಪಿಂದು ಅನ್ನೋದು ಖಾತ್ರಿ. ಈಕಿ ಉಲ್ಟಾ ಹೇಳಾಕತ್ಯಾಳ. ಟೇಪ್ ಹಿಡಿಯೂ ಹುಡುಗಿಗೆ ಏನ್ ತಿಳೀತದ?"

"ನಾಕು ಅಳತಿ ಇರೂ ಲೆಕ್ಕದಾಗ ಖರೇ ಮನಿ ಸುಮಾರು ಎರಡರಷ್ಟು ದೂರ ನಿಲ್ತದ್ರಿ," ಎಂದಳು ಗೌತಮಿ. "ಒಂದು ಮನಿ ಸೊನ್ನಿಗೆ ಬಂದ್ರ ದೈವ ಅನ್ನೋಣು. ಒಬ್ಬರವ ಮೂರು ಮನಿ, ಒಂದ ಹಿತ್ತಲದಾಗ, ಮೂರೂ ಸೊನ್ನಿಗೆ ಬಂದ್ರ ಏನನ್ನೂದು? ಹೊಳಿ ಇವರ ಹಾಳಿ ಓದಿ ಬಂದಿತ್ತೇನ್ರಿ?"

ನಾಜಮೀನ ಪಟ್ಟಿಯನ್ನು ಎರಡು ಸಲ ನೋಡಿದಳು. ಅವಳಿಗೆ ತಿಳಿಯಿತು. "ಇದು ಸಂಶಯಕ್ಕ ಸಾಕು. ಸಾಕ್ಷಿಗೆ ಸಾಲದು," ಎಂದಳು. "ಈ ಗೋಡೆ ಬೇಕಂತ ಮಾಡಿದ್ದು ಅನ್ನೋದನ್ನ ಕಣ್ಣಾರೆ ಕಂಡವರು ಯಾರಾದ್ರೂ ಅದಾರೇನು?"

ಊರಿಗೆ ಊರೇ ಕಂಡಿತ್ತು. ನಲವತ್ತು ಬುಟ್ಟಿ ರಾಡಿ ಹಾಡಹಗಲೇ ಓಣಿ ಹಾದು ಹೋಗಿತ್ತು. ಆದರೆ ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು? ಒಬ್ಬನ ಕಡಲೆ ಸಾಹುಕಾರನ ಗೋದಾಮಿನಲ್ಲಿತ್ತು, ಇನ್ನೊಬ್ಬನ ಮಗ ಸಾಹುಕಾರನ ಲಾರಿಯ ಮೇಲಿದ್ದ. ಎಲ್ಲರೂ ನೆಲ ನೋಡಿದರು. ಅಂದಾನೆಪ್ಪ ಕಾಲ ಮೇಲೆ ಕಾಲು ಹಾಕಿದ.

ದೇವವ್ವ ಎದ್ದಳು. ಹೊಳಿಯಪ್ಪ ಅವಳ ಸೆರಗು ಹಿಡಿದ. "ಸುಮ್ಮಕ ಕುಂದ್ರು. ಅವ್ವನ ನೆನಸ್ಕೋ."

ನೆನೆಸಿಕೊಂಡಳು. ಮಡ್ಡಿಯ ಮೇಲಿನ ಮನೆಯನ್ನೂ ನೆನೆಸಿಕೊಂಡಳು. ಆ ಮನೆ ಬೇಕಿತ್ತು ಅವಳಿಗೆ, ಜೀವಕ್ಕಿಂತ ಹೆಚ್ಚಾಗಿ ಬೇಕಿತ್ತು. ಆದರೆ ಕಾಲ ಮೇಲೆ ಕಾಲು ಹಾಕಿದ ಈ ಮನುಷ್ಯ ಬೀಳುವುದು ಅದಕ್ಕಿಂತ ಹೆಚ್ಚು ಬೇಕಾಗಿತ್ತು. ಸೆರಗು ಬಿಡಿಸಿಕೊಂಡಳು.

"ಕಂಡಾಕಿ ಅಲ್ರಿ, ಮಾಡಿದಾಕಿ ನಾನ," ಎಂದಳು. "ರಾಡಿ ಹೊತ್ತಾಕಿ ನಾನು, ಬಡದಾಕಿ ನಾನು. ಗೀಟು ಹಾಕಿ ಕೊಟ್ಟಾಂವ ಆ ಬಸವಪ್ರಸಾದ. ಹೊಳಿ ಆ ಕೊಟಗಿಗೆ ಬಂದಿಲ್ಲ. ನಾ ಹೊತಗೊಂಡು ಹೋಗೀನಿ."

"ಹಾದರಗಿತ್ತಿ, ಸುಳ್ಳ ಬೊಗಳ್ತಿ," ಎಂದು ಅಂದಾನೆಪ್ಪ ಕುರ್ಚಿಯಿಂದ ಎದ್ದ.

ನಾಜಮೀನ ಅವನನ್ನು ಕೈ ಎತ್ತಿ ನಿಲ್ಲಿಸಿದಳು. ದೇವವ್ವನ ಕಡೆ ತಿರುಗಿ ಮೆಲ್ಲಗೆ ಹೇಳಿದಳು. "ತಾಯಿ, ತಿಳಕೊಂಡು ಮಾತಾಡು. ಸುಳ್ಳು ಗುರುತು ಮಾಡಿದವರ ಮನಿಗೆ ಈ ಯೋಜನಾದಾಗ ಏನೂ ಸಿಗೂದಿಲ್ಲ. ಮಾಡಿಸಿದಾಂವಗೂ ಅದ ನಿಯಮ, ಮಾಡಿದಾಕಿಗೂ ಅದ ನಿಯಮ. ನೀನು ಇದಕ್ಕ ಸಹಿ ಹಾಕಿದ್ರ ನಿನ್ನ ಹೆಸರು ಹೊಡದ ಹಾಕಬೇಕಾಗ್ತದ. ನನ್ನ ಕೈಯಾಗ ಇಲ್ಲ."

"ಅವಂದೂ ಹೊಡೀತೀರಿ?"

"ಹೊಡೀತೀವಿ. ಕೇಸೂ ಆಗ್ತದ."

"ಬರಕೋರಿ ಹಂಗಾರ."

ಎಲ್ಲರೂ ಕೊಟ್ಟಿಗೆಗೆ ನಡೆದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿರಲಿಲ್ಲ, ಆದರೂ ದೇವವ್ವ ತೋರಿಸಿಯೇ ಬಿಡುವವಳಿದ್ದಳು. ಸಾಹುಕಾರನ ನೀರಿನ ಬಾನಿಯಲ್ಲೇ ಬಕೆಟ್ ಮುಳುಗಿಸಿದಳು. ಕೇರಿಯ ಕೈ ಆ ಬಾನಿಗೆ ಬಿದ್ದದ್ದು ಅದೇ ಮೊದಲು. ಯಾರೂ ಬೇಡ ಅನ್ನಲಿಲ್ಲ. ಗೋಡೆಗೆ ನೀರು ಎರಚಿ ಅಂಗೈಯಿಂದ ತಿಕ್ಕಿದಳು. ಒಣಗಿದ ರಾಡಿ ನೆಂದು ಹೆಂಟೆ ಹೆಂಟೆಯಾಗಿ ಬಿತ್ತು. ಬೆರಳು ಮತ್ತೆ ಬಿರಿದು ರಕ್ತ ಬಂತು. ತಿಕ್ಕಿದಳು. ರಾಡಿಯ ಮೇಲಂಚಿನ ಕೆಳಗಿನಿಂದ ಕೆಂಪು ಗೀಟು ಹೊರಬಂತು. ಪಕ್ಕದಲ್ಲಿ ಅಳತೆ, ಬಸವಪ್ರಸಾದನ ಕೈಬರಹದಲ್ಲಿ. ಎರಡನೆಯ ಕೊಟ್ಟಿಗೆಯಲ್ಲೂ ಬಂತು, ಮೂರನೆಯದರಲ್ಲೂ ಬಂತು.

"ಹೊಳಿ ಪೆನ್ಸಿಲ್ ಹಿಡದು ಬರೂದಿಲ್ರಿ," ಎಂದಳು ಗೌತಮಿ.

ನಾಜಮೀನ ಗೋಡೆಯ ಫೋಟೊ ತೆಗೆಸಿ ಅಲ್ಲೇ ನಿಂತು ಆದೇಶ ಬರೆಸಿದಳು. ಮೂರು ಮನೆ ರದ್ದು. ಬಸವಪ್ರಸಾದನ ಕೆಲಸ ರದ್ದು, ಅವನ ಮೇಲೆ, ಅಪ್ಪನ ಮೇಲೆ ಪೊಲೀಸರಿಗೆ ದೂರು. ಕೇರಿಯ ಇಪ್ಪತ್ತೊಂದು ಮನೆಗೆ ಮರು ಅಳತೆ, ಸಾರಿಸದ ಜಂತೆ ತೊಲೆಗಳ ಮೇಲೆ ಕೂತ ರಾಡಿ ನೋಡಿ. ಕೊನೆಗೆ ಹೊಸದಾಗಿ ಮೂರು ಹೆಸರಿನ ಒಂದು ಪಟ್ಟಿ. ಸುಳ್ಳು ಗುರುತು ಸೃಷ್ಟಿಸಿದವರು: ಅಂದಾನೆಪ್ಪ, ಬಸವಪ್ರಸಾದ, ದೇವವ್ವ. ಗುಮಾಸ್ತ ಅದನ್ನು ಗಟ್ಟಿಯಾಗಿ ಓದಿದ. ದೇವವ್ವ ಪೆನ್ನು ಹಿಡಿದು ಅಕ್ಷರಕ್ಕೊಂದು ಉಸಿರು ಬಿಡುತ್ತ ಸಹಿ ಹಾಕಿದಳು. ಕಾಗದಕ್ಕೆ ರಾಡಿಯೂ ರಕ್ತವೂ ಹತ್ತಿತು.

ಹೊಳಿಯಪ್ಪ ಅವಳ ಮುಖ ನೋಡದೆ ಕೇರಿಯ ದಾರಿ ಹಿಡಿದ. ಅದು ಅವಳಿಗೆ ನೋಯಿತು. ನೋವಿದ್ದರೂ ಮಾಡಿದ್ದು ತಪ್ಪು ಅನ್ನಿಸಲಿಲ್ಲ.

ಜನ ಚದುರಿತು. ಅಧಿಕಾರಿಯ ಜೀಪು ಹೋಯಿತು. ಅಂದಾನೆಪ್ಪ ಮೂರನೆಯ ಕೊಟ್ಟಿಗೆಯ ಮುಂದೆ ನಿಂತೇ ಇದ್ದ.

"ನಿನ್ನ ಮನೀಗೆ ನೀನ ಬೆಂಕಿ ಹಚ್ಚಗೊಂಡಿ," ಎಂದ. "ಏನ್ ಸಿಕ್ತು ನಿನಗ?"

ದೇವವ್ವ ಕೈ ಒರೆಸಿಕೊಳ್ಳಲಿಲ್ಲ. "ನಿಮ್ಮ ಜೋಡಿ ಒಂದ ಗುಂಪು ಸಿಕ್ತು," ಎಂದಳು. ಅವನ ಕಡೆ ಒಂದು ಹೆಜ್ಜೆ ಇಟ್ಟಳು.

ಅವನು ಒಂದು ಹೆಜ್ಜೆ ಹಿಂದೆ ಸರಿದ. ಯೋಚಿಸಿ ಸರಿದದ್ದಲ್ಲ. ಕೇರಿಯವರು ಹತ್ತಿರ ಬಂದರೆ ಅವನ ಕಾಲು ತಾನಾಗಿ ಹಿಂದೆ ಹೋಗುತ್ತಿತ್ತು, ಅವನ ಅಪ್ಪನ ಕಾಲೂ ಹೋಗುತ್ತಿತ್ತು. ಅವಳು ಇನ್ನೊಂದು ಹೆಜ್ಜೆ ಇಟ್ಟಳು. ಅವನು ಇನ್ನೊಂದು ಸರಿದ. ಹಸಿ ಗೋಡೆ ಅವನ ಬೆನ್ನಿಗೆ ಬಡಿಯಿತು, ಬಿಳಿ ಅಂಗಿ ರಾಡಿ ಹೀರಿತು. ಇನ್ನು ಸರಿಯಲು ಜಾಗ ಇರಲಿಲ್ಲ.

ಅವಳು ಮತ್ತೂ ಒಂದು ಹೆಜ್ಜೆ ಇಟ್ಟಳು. ಅವನ ಉಸಿರು ಅವಳ ಮುಖಕ್ಕೆ ತಾಕಿತು, ಅವಳ ಉಸಿರು ಅವನ ಮುಖಕ್ಕೆ. ಕೈ ಎತ್ತಲಿಲ್ಲ, ಬೈಯಲಿಲ್ಲ. ದೂರದಿಂದ ಗೌತಮಿ "ಬಾರಬೇ" ಎಂದು ಎರಡು ಸಲ ಕರೆದಳು. ದೇವವ್ವ ತಿರುಗಲಿಲ್ಲ. ಅವನ ಕಣ್ಣನ್ನೇ ನೋಡುತ್ತ, ಅದು ನೆಲಕ್ಕೆ ಇಳಿಯುವ ತನಕ ಅಲ್ಲೇ ನಿಂತಳು.